ಅವಿರೋಧಕ್ಕೆ ಒಂದೇ ವೋಟು ಕಮ್ಮಿ

ನಾನೂ ಒಂದು ಚುನಾವಣೆ ನಡೆಸಿದೆ. ನಗಬೇಡಿ, ನಿಜವಾದ ಚುನಾವಣೆಯೇ. ಮತಪೆಟ್ಟಿಗೆ ಇತ್ತು (ಬಿಸ್ಕೆಟ್ ಡಬ್ಬ). ಮತಪತ್ರ ಇತ್ತು (ಸೈಕ್ಲೋಸ್ಟೈಲ್ ಮಾಡಿದ ಚೀಟಿ). ಮತದಾರರೆಲ್ಲ ಆಗತಾನೆ ಮೀಸೆ ಚಿಗುರುತ್ತಿದ್ದ ಹುಡುಗರು, ಎರಡು ಜಡೆ ಮಡಿಚಿ ಕಟ್ಟಿದ ಹುಡುಗಿಯರು. ಅಭ್ಯರ್ಥಿಗಳು ಮಾತ್ರ ಮನುಷ್ಯರಲ್ಲ. ನಾಲ್ಕು ಕಾದಂಬರಿಗಳು.

ಪುಸ್ತಕಗಳು ನಿಂತ ಚುನಾವಣೆಯಲ್ಲಿ ಏನು ಗಲಾಟೆ ಆದೀತು? ಪುಸ್ತಕ ಜೀಪಿಗೆ ಮೈಕ್ ಕಟ್ಟಿಕೊಂಡು ಕೂಗುವುದಿಲ್ಲ. ಸೀರೆ ಹಂಚುವುದಿಲ್ಲ. ಗೆದ್ದ ಮೇಲೆ ಪಕ್ಷ ಬದಲಿಸುವುದಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಚುನಾವಣೆ ಮುಗಿದು ತಿಂಗಳುಗಳಾದವು. ಆದರೆ ಹೋದ ಬುಧವಾರದಿಂದ ನನಗೆ ಊಟ ಸೇರುತ್ತಿಲ್ಲ.

ಮೊದಲಿಂದ ಹೇಳುತ್ತೇನೆ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಅಂತ ನಿಮಗೆ ಗೊತ್ತು. (ಟ್ರಂಕ್ ಕಾಲ್ ತಡವಾದಾಗ ನನ್ನನ್ನು ಬಯ್ಯುವವರೂ ಈ ಅಂಕಣ ಓದುತ್ತಾರೆ ಅಂತ ನನಗೂ ಗೊತ್ತು.) ಕೋಲಾರದಲ್ಲಿ ನಾವು ಕೆಲವರು ಸೇರಿ ಒಂದು ಓದುಗರ ಬಳಗ ಮಾಡಿಕೊಂಡಿದ್ದೇವೆ. ಮೇಷ್ಟ್ರುಗಳು, ಒಬ್ಬ ಕಾಂಪೌಂಡರು, ಬಟ್ಟೆ ಅಂಗಡಿಯ ಸಾಹೇಬರು, ನಾನು. ತಿಂಗಳಿಗೊಮ್ಮೆ ಸೇರುತ್ತೇವೆ. ಖಾರ ತಿನ್ನುತ್ತೇವೆ. ಈಗಿನ ಮಕ್ಕಳು ಓದುವುದಿಲ್ಲ ಅಂತ ಬೇಸರ ಮಾಡಿಕೊಂಡು ಮನೆಗೆ ಹೋಗುತ್ತೇವೆ.

ಒಂದು ಸಲ ಬಟ್ಟೆ ಅಂಗಡಿಯ ಸಾಹೇಬರು ಕೇಳಿದರು: "ಅಲ್ಲ ಮೇಡಂ, ಮಕ್ಕಳ ಪುಸ್ತಕಕ್ಕೆ ಪ್ರೈಜ್ ಕೊಡೋರು ಯಾರು? ನಮ್ಮಂಥ ಮುದುಕ್ರು. ಓದ್ಬೇಕಾದೋರು ಯಾರು? ಹುಡುಗ್ರು. ಅವರಿಗೆ ಯಾವುದು ಇಷ್ಟ ಅಂತ ಅವರನ್ನ ಯಾರಾದ್ರೂ ಕೇಳಿದೀರಾ?"

ಯಾರೂ ಕೇಳಿರಲಿಲ್ಲ. ಹಾಗಾಗಿ ಕೇಳಿಬಿಡೋಣ ಅಂತ ಆಯಿತು.

ಹದಿಹರೆಯದವರಿಗೆಂದೇ ಬರೆದ ನಾಲ್ಕು ಹೊಸ ಕಾದಂಬರಿ ಆರಿಸಿದೆವು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕಿನ ಕೆಲವು ಹೈಸ್ಕೂಲುಗಳಿಗೆ ಒಂದೊಂದು ಸೆಟ್ ಕಳಿಸಿದೆವು. ಹತ್ತನೇ ಕ್ಲಾಸಿನವರು ಓದಬೇಕು. ನಾಲ್ಕೂ ಓದಿದವರು ಗುಟ್ಟಾಗಿ ವೋಟು ಹಾಕಬೇಕು. ಎಲ್ಲಾ ಸ್ಕೂಲಿನ ವೋಟು ಸೇರಿಸಿ ಗೆದ್ದ ಲೇಖಕರಿಗೆ ಕೋಲಾರದಲ್ಲಿ ಶಾಲು, ಹಾರ, ಶಿವಾರಪಟ್ಟಣದಲ್ಲಿ ಕೆತ್ತಿಸಿದ ಒಂದು ಪುಟ್ಟ ಕಲ್ಲಿನ ಸರಸ್ವತಿ. ಎಷ್ಟು ಸರಳ, ಅಲ್ಲವೇ?

ಪುಸ್ತಕಗಳ ಹೆಸರು ಬರೆಯುವುದಿಲ್ಲ. ಬರೆದವರೆಲ್ಲ ಒಳ್ಳೆಯವರು, ಅವರದ್ದೇನೂ ತಪ್ಪಿಲ್ಲ. ಒಂದು, ಕಳ್ಳರನ್ನು ಹಿಡಿಯುವ ಮೂವರು ಗೆಳೆಯರ ಕಥೆ. ಇನ್ನೊಂದು, ಓಟದಲ್ಲಿ ಗೆಲ್ಲುವ ಬಡ ಹುಡುಗನದು. ಮತ್ತೊಂದು, ಕಳೆದುಕೊಂಡ ಕೋಟೆಯನ್ನು ಮರಳಿ ಪಡೆಯುವ ರಾಜಕುಮಾರನದು. ಕೊನೆಯದು ತೆಳ್ಳಗಿನ ಪುಸ್ತಕ. ಒಂದು ಮನೆಯಲ್ಲಿ ಪುಟ್ಟ ಹುಡುಗಿ ಜ್ವರ ಬಂದು ಸಾಯುತ್ತಾಳೆ. ಆಮೇಲೆ ಆ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತುವುದಿಲ್ಲ. ಅವಳ ಅಕ್ಕನೇ ಕಥೆ ಹೇಳುವವಳು. ಒಂದು ದಿನ ತಾಯಿ ಮೈಮರೆತು, ಸತ್ತ ಮಗಳ ಹೆಸರು ಹಿಡಿದು ಊಟಕ್ಕೆ ಕರೆಯುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಇದನ್ನು ಮಕ್ಕಳು ಓದುತ್ತಾರಾ, ತೆಗೆದುಬಿಡೋಣ ಅಂತ ನಮ್ಮ ಕಾಂಪೌಂಡರ್ ಅಂದಿದ್ದರು. ಇರಲಿ ಬಿಡಿ ಅಂದೆವು.

ಚುನಾವಣಾಧಿಕಾರಿ ನಾನು. ರಜ ಹಾಕಿ ಬಸ್ಸು ಹತ್ತಿದೆ.

ಮಾಲೂರು ಕಡೆ ಲಕ್ಕೂರಿನ ಮಕ್ಕಳು ನನ್ನ ಎದುರಿಗೇ ಕಿತ್ತಾಡಿದರು. ಕಳ್ಳ ಯಾರು ಅಂತ ಮುಂಚೆಯೇ ಹೇಳಿಬಿಟ್ಟ ಅಂತ ಒಬ್ಬನ ಕಾಲರ್ ಹಿಡಿದರು. ನನಗೆ ಬಹಳ ಖುಷಿಯಾಯಿತು. ಶ್ರೀನಿವಾಸಪುರದಲ್ಲಿ ಒಬ್ಬ ಎದ್ದು ನಿಂತು, "ಮೇಡಂ, ಎರಡು ಪುಸ್ತಕ ಇಷ್ಟ ಆದ್ರೆ ಅರ್ಧ ಅರ್ಧ ವೋಟು ಹಾಕ್ಬೋದಾ?" ಅಂದ. ಒಂದೇ ಟಿಕ್ ಅಂತ ಅವನಿಗೆ ನಿಯಮ ಹೇಳಿ ಕೂರಿಸಿದೆ. ನೀವಾಗಿದ್ದರೆ ಏನನ್ನುತ್ತಿದ್ದಿರಿ?

ಆಮೇಲೆ ಮುಳಬಾಗಿಲು ತಾಲ್ಲೂಕು. ದೇವರಾಯಸಮುದ್ರದ ಕೆರೆ ದಾಟಿ ಒಳಗೆ ಹೋದರೆ ಒಂದು ಊರು. ಹೆಸರು ಬೇಡ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಜಗಳಕ್ಕೆ ಎರಡೂ. ಒಳ್ಳೆಯ ಊರು. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ.

ಬಸ್ಸಿಂದ ಇಳಿದರೆ ಹೆಡ್‌ಮಾಸ್ಟರು ಖುದ್ದಾಗಿ ನಿಂತಿದ್ದರು. ಮುಖದಲ್ಲಿ ಮದುವೆ ಮನೆಯ ಕಳೆ. "ಬನ್ನಿ ಮೇಡಂ. ನಿಮಗೆ ಕೆಲಸಾನೇ ಇಲ್ಲ ಇವತ್ತು. ಕಾಫಿ ಕುಡಿದು ಹೋಗೋದು ಅಷ್ಟೇ."

"ಯಾಕೆ ಸಾರ್, ಸ್ಕೂಲಿಗೆ ರಜಾನಾ?"

"ಇಲ್ಲ ಮೇಡಂ. ನಮ್ಮಲ್ಲಿ ಅವಿರೋಧ ಆಯ್ಕೆ."

ನನಗೆ ಅರ್ಥವಾಗಲಿಲ್ಲ. ಕ್ಲಾಸ್ ರೂಮಿಗೆ ಹೋದ ಮೇಲೆ ಅರ್ಥವಾಯಿತು. ಮಕ್ಕಳು ಕೈಕಟ್ಟಿ ಕೂತಿದ್ದರು. ಎದುರಿಗೆ ಕುರ್ಚಿ ಹಾಕಿಕೊಂಡು ಪಂಚಾಯ್ತಿ ಛೇರ್ಮನ್ನರು, ಊರಿನ ಇಬ್ಬರು ಹಿರಿಯರು. ಟೇಬಲ್ ಮೇಲೆ ಒಂದು ತಟ್ಟೆ ಬೆಲ್ಲ. ಹಂಚುವುದಕ್ಕೆ.

ಛೇರ್ಮನ್ನರೇ ವಿವರಿಸಿದರು. ಮೆತ್ತಗಿನ ಮನುಷ್ಯ, ಹೆಗಲ ಮೇಲೆ ಮಡಿಸಿದ ಟವೆಲ್ಲು.

"ನಮ್ಮೂರಾಗೆ ಇದುವರೆಗೂ ಬ್ಯಾಲೆಟ್ ಡಬ್ಬ ಇಳಿಸಿಲ್ಲ ಮೇಡಂ. ಎಲೆಕ್ಷನ್ ಅಂದ್ರೆ ಏನು? ಮನೆ ಮುರಿಯೋದು. ಪಕ್ಕದೂರು ನೋಡಿ, ಅಣ್ಣ ತಮ್ಮ ಮಾತಾಡಲ್ಲ, ಒಬ್ಬರ ಬಾವೀಲಿ ಒಬ್ಬರು ನೀರು ಸೇದಲ್ಲ. ನಾವು ಹಂಗಲ್ಲ. ಕಟ್ಟೆ ಮೇಲೆ ಕೂತ್ಕೊಂತೀವಿ, ಮಾತಾಡ್ತೀವಿ. ಬೇರೆ ಯಾವನಾದ್ರೂ ನಿಂತ್ಕೊಂಡಿದ್ರೆ ಕರ್ಸಿ ಹೇಳ್ತೀವಿ. ಅವನು ಹಿಂದಕ್ಕೆ ತಗೊಂತಾನೆ. ಎಲೆ ಅಡಿಕೆ ಮುಟ್ಟಿ ಮಾತು ಕೊಟ್ರೆ ಆಯ್ತು, ಬೆಲ್ಲ ಹಂಚ್ತೀವಿ."

"ಅದು ಪಂಚಾಯ್ತಿಗೆ ಸ್ವಾಮಿ. ಇದು ಪುಸ್ತಕ."

"ಪುಸ್ತಕ ಆದ್ರೇನು? ವೋಟು ವೋಟೇ ಅಲ್ವಾ?"

ಆಯ್ಕೆಯಾದದ್ದು ರಾಜಕುಮಾರನ ಪುಸ್ತಕ. ಕಾರಣ? ಅದನ್ನು ಬರೆದವರು ಆ ಊರ ಮಗಳ ಮಗ. ಚಿಕ್ಕವರಿದ್ದಾಗ ರಜಕ್ಕೆ ಬಂದು ಅದೇ ಕೆರೆಯಲ್ಲಿ ಈಜಿದವರು. ಊರ ಮೊಮ್ಮಗ ನಿಂತಿರುವಾಗ ಊರ ಸ್ಕೂಲು ಬೇರೆಯವರಿಗೆ ವೋಟು ಹಾಕಿದರೆ ಮರ್ಯಾದೆ ಉಳಿಯುತ್ತದೆಯೇ?

ನಾನು ಮಕ್ಕಳ ಕಡೆ ತಿರುಗಿದೆ. ನಾಲ್ಕೂ ಪುಸ್ತಕ ಯಾರು ಯಾರು ಓದಿದೀರಿ ಅಂದೆ. ಎಲ್ಲಾ ಕೈ ಮೇಲೆ. ಮುಂದಿನ ಸಾಲಿನ ಒಬ್ಬನನ್ನು ಕೇಳಿದೆ, ಕೊನೆಗೆ ರಾಜಕುಮಾರ ಏನು ಮಾಡ್ತಾನೆ?

ಅವನು ಹೆಡ್‌ಮಾಸ್ಟರ ಮುಖ ನೋಡಿದ. "ಗೆಲ್ತಾನೆ ಮೇಡಂ."

(ಗೆಲ್ಲದೆ ಇನ್ನೇನು? ಅವನದೂ ಅವಿರೋಧ ಆಯ್ಕೆ ಇರಬೇಕು.)

"ಒಂದೇ ಒಂದು ತೊಡಕಿತ್ತು ಮೇಡಂ, ಅದೂ ಬಗೆಹರೀತು," ಅಂದರು ಹೆಡ್‌ಮಾಸ್ಟರು. "ಯಾರಾದ್ರೂ ಬೇರೆ ಪುಸ್ತಕ ಅಂತೀರಾ ಅಂತ ಕೇಳ್ದಾಗ ಒಬ್ಬಳು ಎದ್ದು ನಿಂತ್ಲು. ಮುನಿಲಕ್ಷ್ಮೀ, ನಿಂತ್ಕೊಳಮ್ಮ. ಒಳ್ಳೆ ಹುಡುಗಿ. ನಿಜವಾಗ್ಲೂ ನಾಲ್ಕೂ ಓದಿರೋಳು ಇವಳೇ. ಅವರಪ್ಪನ್ನ ಕರ್ಸಿ ಹೇಳಿದ್ವಿ. ಎಲೆ ಅಡಿಕೆ ಮುಟ್ಟಿ ಮಾತು ಕೊಟ್ಟ. ಈಗ ವಿತ್‌ಡ್ರಾ ಮಾಡಿದಾಳೆ. ಅದಕ್ಕೇ ಕೋಲಾರದ ಫಂಕ್ಷನ್ನಲ್ಲಿ ಹಾರ ಹಾಕೋ ಗೌರವ ಅವಳಿಗೇ ಕೊಟ್ಟಿದೀವಿ."

(ಅವಳ ಹೆಸರು ಮುನಿಲಕ್ಷ್ಮಿ ಅಲ್ಲ. ನಾನು ಬದಲಿಸಿದ್ದೇನೆ.)

ಎದ್ದು ನಿಂತವಳು ಕಪ್ಪಗೆ ಸಣ್ಣಗಿದ್ದಳು. ಅವಳಪ್ಪ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಗೇ ಬಂದವನು, ಬೆರಳೆಲ್ಲ ಕರೆ.

"ನಿನಗೆ ಯಾವ ಪುಸ್ತಕ ಇಷ್ಟ ಆಯ್ತು?" ಅಂದೆ.

"ಆ ತಂಗಿ ಪುಸ್ತಕ ಮೇಡಂ."

"ಯಾಕೆ?"

ಅವಳು ಬಾಯಿ ತೆರೆದಳು. ಬಾಗಿಲ ಕಡೆಯಿಂದ ಅಪ್ಪನ ದನಿ ಬಂತು, ಮೆಲ್ಲಗೆ, ಬೇಡಿಕೊಳ್ಳುವ ಹಾಗೆ: "ವದ್ದುಲೇಮ್ಮಾ." ಬೇಡ ಬಿಡಮ್ಮ. ಅವಳು ಕೂತಳು.

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ನಿಯಮ ಹೇಳಲು ಶುರು ಮಾಡುತ್ತೇನೆ, ಇದು ಎಕ್ಸ್‌ಚೇಂಜಿನ ಅಭ್ಯಾಸ. ಗುಟ್ಟಾಗಿ ವೋಟು ಹಾಕದಿದ್ದರೆ ಈ ಸ್ಕೂಲಿನ ವೋಟು ಲೆಕ್ಕಕ್ಕಿಲ್ಲ ಅಂದೆ. ಹೆಡ್‌ಮಾಸ್ಟರ ಮುಖ ಸಣ್ಣದಾಯಿತು. ಛೇರ್ಮನ್ನರು ನಕ್ಕರು. "ಹಾಕ್ಸಿ ಮೇಡಂ. ನಮ್ ಮಕ್ಳು ನಮ್ಗೆ ಗೊತ್ತಿಲ್ವಾ? ಡಬ್ಬದಾಗೂ ಅದೇ ಬರೋದು."

ಬೋರ್ಡನ್ನು ಅಡ್ಡ ನಿಲ್ಲಿಸಿದೆವು. ಒಬ್ಬೊಬ್ಬರೇ ಹಿಂದೆ ಹೋಗಿ, ಚೀಟಿಯಲ್ಲಿ ಒಂದು ಟಿಕ್ ಹಾಕಿ, ಮಡಿಚಿ ಡಬ್ಬಕ್ಕೆ ಹಾಕಿದರು. ಮುನಿಲಕ್ಷ್ಮಿಯೂ ಹೋದಳು. ಬಂದಳು. ಮುಖದಲ್ಲಿ ಏನೂ ಇರಲಿಲ್ಲ.

ಎಲ್ಲರ ಎದುರಿಗೇ ಎಣಿಸಿದೆ. ರಾಜಕುಮಾರ. ರಾಜಕುಮಾರ. ರಾಜಕುಮಾರ. ಹಿರಿಯರೊಬ್ಬರು ಬೆಲ್ಲದ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ಡಬ್ಬ ಇನ್ನೇನು ಖಾಲಿಯಾಗಬೇಕು, ಒಂದು ಚೀಟಿ ಬಿಚ್ಚಿದೆ. ಟಿಕ್ ಬೇರೆ ಕಡೆ ಇತ್ತು. ತೆಳ್ಳಗಿನ ಪುಸ್ತಕದ ಎದುರಿಗೆ.

ಓದಿ ಹೇಳಿದೆ. ಹೆಡ್‌ಮಾಸ್ಟರು ಚೀಟಿ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಅಲ್ಲೇನು ಸಿಗುತ್ತೆ? ಬರೀ ಒಂದು ಟಿಕ್. ಅದಕ್ಕೆ ಕೈಬರಹ ಇಲ್ಲ. ಆದರೆ ಯಾರಿಗೂ ಕೈಬರಹ ಬೇಕಿರಲಿಲ್ಲ. ಇಡೀ ಕ್ಲಾಸು ಒಂದೇ ಕಡೆ ತಿರುಗಿತ್ತು.

ಮುನಿಲಕ್ಷ್ಮಿ ಎದ್ದಳು. "ನಂದಲ್ಲ ಸಾರ್," ಅಂದಳು.

ಛೇರ್ಮನ್ನರು ಕುರ್ಚಿಯಿಂದ ಎದ್ದು ಟವೆಲ್ ಕೊಡವಿಕೊಂಡರು. "ಬೆಲ್ಲ ಒಳಗಿಡ್ರಪ್ಪ," ಅಂದರು. ಬಾಗಿಲಲ್ಲಿ ನೋಡಿದೆ. ಅವಳಪ್ಪ ಹೊರಟುಹೋಗಿದ್ದ.

ವಾಪಸು ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಾ ಬಂದೆ. ನಿಜ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ. ನೋಡಿದೆಯಾ ಹುಡುಗಿಯನ್ನು. ಎದುರಿಗೆ ಹೂಂ ಅಂದಳು, ಬೋರ್ಡಿನ ಹಿಂದೆ ತನಗೆ ಬೇಕಾದ್ದು ಮಾಡಿದಳು. 'ನಂದಲ್ಲ' ಅಂದಿದ್ದು ಕೂಡ ಜಾಣತನ. ಗುಟ್ಟಿನ ವೋಟು ಇರುವುದೇ ಅದಕ್ಕೆ. ಬಳಗದವರಿಗೆಲ್ಲ ಬಣ್ಣಿಸಿ ಹೇಳಿದೆ. ಸಾಹೇಬರು "ಶಭಾಷ್ ಬೇಟಿ" ಅಂದರು.

ರಾಜಕುಮಾರನೇ ಗೆದ್ದ. ಉಳಿದ ಸ್ಕೂಲುಗಳಲ್ಲಿ ಮಕ್ಕಳು ಚೆಲ್ಲಾಪಿಲ್ಲಿ ವೋಟು ಹಾಕಿದ್ದರು, ಓದಿದವರು ಹಾಕುವ ಹಾಗೆ. ಒಟ್ಟಾಗಿ ಬಿದ್ದದ್ದು ಆ ಒಂದೇ ಸ್ಕೂಲಿನ ವೋಟು. ಅದೇ ಗೆಲ್ಲಿಸಿತು.

ಕೋಲಾರದಲ್ಲಿ ಫಂಕ್ಷನ್ ಆಯಿತು. ಆ ಊರಿಂದ ಲಾರಿಯಲ್ಲಿ ಜನ ಬಂದರು. ಹಾರ ಹಾಕಿದ್ದು ಬೇರೆ ಹುಡುಗಿ. ಮುನಿಲಕ್ಷ್ಮಿ ಕೊನೆಯ ಸಾಲಿನಲ್ಲಿದ್ದಳು. ಪಕ್ಕದ ಎರಡು ಕುರ್ಚಿ ಖಾಲಿ ಇದ್ದವು, ಆದರೂ ಹುಡುಗಿಯರು ಗೋಡೆಗೆ ಒರಗಿ ನಿಂತಿದ್ದರು. ನಾನು ಅದನ್ನು ನೋಡಿದೆ. ನೋಡಿ, ಅಯ್ಯೋ ಅಂದುಕೊಂಡೆ. ಧೈರ್ಯ ಮಾಡಿದವರಿಗೆ ಇಷ್ಟಾದರೂ ಆಗುತ್ತದೆ ಅಂತ ಸಮಾಧಾನವನ್ನೂ ಹೇಳಿಕೊಂಡೆ.

ಲೇಖಕರು ಒಳ್ಳೆಯ ಭಾಷಣ ಮಾಡಿದರು. ಕೆರೆ, ಅಜ್ಜಿ, ಹುರಿಗಾಳು ಎಲ್ಲ ಬಂತು. ಕೊನೆಗೆ ನಗುತ್ತಾ ಅಂದರು: "ನನ್ನ ಅಜ್ಜಿ ಊರಿನ ಸ್ಕೂಲಲ್ಲಿ ಒಂದೇ ಒಂದು ವೋಟು ನನಗೆ ತಪ್ಪಿತಂತೆ. ಆ ಓದುಗರನ್ನ ನಾನು ನೋಡ್ಬೇಕು." ಪ್ರೀತಿಯಿಂದಲೇ ಅಂದದ್ದು. ಸಭೆ ನಕ್ಕಿತು. ಆ ಊರಿನವರು ಮಾತ್ರ ನಗಲಿಲ್ಲ. ಅವರೆಲ್ಲ ಕೊನೆಯ ಸಾಲಿನ ಕಡೆ ತಿರುಗಿ ನೋಡಿದರು.

ಇಷ್ಟು ಹಳೆಯ ಕಥೆ. ಇನ್ನು ಹೋದ ಬುಧವಾರ.

ಡ್ಯೂಟಿ ಮುಗಿಸಿ ಎಕ್ಸ್‌ಚೇಂಜಿನಿಂದ ಇಳಿದು ಬರುತ್ತಿದ್ದೆ. ಮೆಟ್ಟಿಲ ಮೇಲೆ ಮುನಿಲಕ್ಷ್ಮಿ ಕೂತಿದ್ದಳು. ಅಪ್ಪ ಗೂಡಿನ ಮಾರ್ಕೆಟ್ಟಿಗೆ ರೇಷ್ಮೆಗೂಡು ತಂದಿದ್ದ. ಹರಾಜು ಮುಗಿಯುವ ತನಕ ಇವಳಿಗೆ ಬಿಡುವು. ಅವನಿಗೆ ಹೇಳದೆ ಬಂದಿದ್ದಳು. ಪರೀಕ್ಷೆ ಮುಗಿದಿತ್ತು, ಸ್ಕೂಲು ಬಾಗಿಲು ಹಾಕಿತ್ತು.

ಹೋಟೆಲಿಗೆ ಕರೆದುಕೊಂಡು ಹೋಗಿ ದೋಸೆ ಹೇಳಿದೆ. ಅವಳು ತಿನ್ನಲಿಲ್ಲ.

"ಅಕ್ಕಾ, ನಿಮಗೊಂದು ಮಾತು ಹೇಳ್ಬೇಕು. ಆ ವೋಟು ನಂದಲ್ಲ."

ನಾನು ನಕ್ಕೆ. "ನನ್ ಹತ್ರ ಯಾಕೆ ಮುಚ್ಚಿಡ್ತೀಯೇ? ನನಗೆ ಹೆಮ್ಮೆ ಕಣೇ."

"ನಿಜವಾಗ್ಲೂ ನಂದಲ್ಲ ಅಕ್ಕಾ. ಅಪ್ಪ ಎಲೆ ಅಡಿಕೆ ಮುಟ್ಟಿದ್ರು. ಮಾತು ತಪ್ಪಿದ್ರೆ ಅಪ್ಪ ಊರಾಗೆ ಹೆಂಗೆ ತಿರುಗಾಡ್ತಾರೆ? ನಾನು ರಾಜಕುಮಾರನಿಗೇ ಹಾಕ್ದೆ. ಟಿಕ್ ಹಾಕಿ ಅತ್ತುಬಿಟ್ಟೆ, ಕಣ್ಣು ಒರೆಸ್ಕೊಂಡು ಆಚೆ ಬಂದೆ."

ಸುಳ್ಳು ಹೇಳುವವರ ದನಿ ನನಗೆ ಗೊತ್ತು. ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುವವಳು ನಾನು. ಇದು ಆ ದನಿಯಲ್ಲ.

ಮೊದಲು ನನಗೆ ಆದದ್ದು ನಿರಾಸೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನಗೆ ಒಬ್ಬ ಧೈರ್ಯವಂತೆ ಬೇಕಾಗಿದ್ದಳು. ನಾನು ಮೆಚ್ಚಿಕೊಂಡು ಓಡಾಡಿದ್ದು ಅವಳನ್ನು. ಎದುರಿಗೆ ಕೂತಿದ್ದವಳು ಅಪ್ಪನ ಮಾತು ಉಳಿಸಲು ಹೋದ ಒಂದು ಪಾಪದ ಹುಡುಗಿ. ಅದೂ ಉಳಿಯಲಿಲ್ಲ.

"ನಿಮ್ಮಪ್ಪನಿಗೆ ಹೇಳಿದೆಯಾ?"

"ಹೇಳ್ದೆ. ನಂಬಲಿಲ್ಲ."

ಆವತ್ತಿನಿಂದ ಅಪ್ಪ ಅವಳ ಜೊತೆ ಸರಿಯಾಗಿ ಮಾತಾಡುವುದಿಲ್ಲವಂತೆ. ಹೊಡೆಯಲಿಲ್ಲ, ಬಯ್ಯಲಿಲ್ಲ. ಸೊಪ್ಪು ಹಾಕು, ತಟ್ಟೆ ತೊಳಿ, ಅಷ್ಟೇ ಮಾತು. ಡೈರಿಗೆ ಹಾಲು ಹಾಕಲು ಹೋದರೆ ಅಲ್ಲಿನವರು ಅವನನ್ನು ಕೇಳುತ್ತಾರಂತೆ: "ಏನಪ್ಪಾ, ನಿನ್ ಮಾತು ದೊಡ್ಡದಾ, ನಿನ್ ಮಗಳ ಮಾತು ದೊಡ್ಡದಾ?" ಅವನು ಹಾಲು ಹಾಕಿ ತಲೆ ತಗ್ಗಿಸಿ ಬರುತ್ತಾನಂತೆ. ಕಟ್ಟೆಯ ಮೇಲೆ ಕೂರುವುದನ್ನೇ ಬಿಟ್ಟಿದ್ದಾನೆ.

ಸ್ಕೂಲಿನಲ್ಲಿ? ಯಾರೂ ಜಗಳ ಆಡಲಿಲ್ಲ. ಮಾತು ನಿಲ್ಲಿಸಿದರು. ಊಟದ ಹೊತ್ತಿಗೆ ಹುಣಸೆ ಮರದ ಕೆಳಗೆ ಎಲ್ಲರೂ ಗುಂಪಾಗಿ ಕೂತರೆ ಇವಳು ಪಂಪ್‌ಹೌಸ್ ಹತ್ತಿರ ಕೂರುತ್ತಿದ್ದಳು. ಪರೀಕ್ಷೆಯ ಮುಂಚೆ ಒಬ್ಬರ ನೋಟ್ಸು ಒಬ್ಬರು ಇಸಿದುಕೊಳ್ಳುವಾಗಲೂ ಇವಳನ್ನು ಯಾರೂ ಕೇಳಲಿಲ್ಲ, ಇವಳಿಗೂ ಯಾರೂ ಕೊಡಲಿಲ್ಲ. ಪರೀಕ್ಷೆ ಹೇಗೆ ಮಾಡಿದೆ ಅಂದೆ. ಲೆಕ್ಕ ಹೋಯಿತು ಅಂದಳು.

"ನೀನು ಗಟ್ಟಿಯಾಗಿ ಹೇಳ್ಬೇಕಿತ್ತು ಕಣೇ. ನಂದಲ್ಲ, ಬೇರೆ ಯಾರೋ ಹಾಕಿದ್ದು ಅಂತ. ದಿನಾ ಹೇಳ್ಬೇಕಿತ್ತು."

"ಮೊದಲು ಹೇಳ್ತಿದ್ದೆ ಅಕ್ಕಾ. ಆಮೇಲೆ ನಿಲ್ಲಿಸ್ದೆ."

"ಯಾಕೆ?"

"ನನ್ನ ಮಾತು ನಂಬಿದ್ರೆ, ಹಂಗಾದ್ರೆ ಯಾರು ಅಂತ ಹುಡುಕ್ತಾರಲ್ವಾ?"

ನಾನು ಕಾಫಿ ಲೋಟ ಕೆಳಗಿಟ್ಟೆ.

"ನಾನು ಹೆಂಗೂ ಸಿಕ್ಕಾಕ್ಕೊಂಡಿದ್ದೆ," ಅಂದಳು. "ಅವರಾದ್ರೂ ಇರಲಿ ಅಂತ."

ಹೊರಗೆ ಟಾಂಗಾದವರು ಕೂಗಾಡುತ್ತಿದ್ದರು. ಅವಳು ಕೇಳಲೋ ಬೇಡವೋ ಅನ್ನುವ ಹಾಗೆ ಕೇಳಿದಳು: "ಅಕ್ಕಾ, ಅದು ಯಾರು ಅಂತ ನಿಮಗೆ ಗೊತ್ತಾ? ನೀವೇ ಅಲ್ವಾ ಚೀಟಿ ಬಿಚ್ಚಿದ್ದು?"

ಇದನ್ನು ಕೇಳಲು ಅವಳು ಬಂದಿದ್ದಳು. ತಾನು ನಿರಪರಾಧಿ ಅಂತ ಸಾಧಿಸಲು ಅಲ್ಲ.

ಗೊತ್ತಿಲ್ಲ ಕಣೇ ಅಂದೆ. ಗೊತ್ತಾಗಬಾರದು ಅಂತಲೇ ಅಷ್ಟೆಲ್ಲಾ ಮಾಡಿದ್ದು. ಗೊತ್ತಾದರೆ ಏನು ಮಾಡ್ತಿದ್ದೆ ಅಂತಲೂ ಕೇಳಿದೆ.

ಅವಳು ದೋಸೆಯ ಅಂಚು ಮುರಿಯುತ್ತಾ ಹೇಳಿದಳು. ಅವಳಿಗೆ ಒಬ್ಬ ಅಕ್ಕ ಇದ್ದಳು. ಹೋಗಿ ಎರಡು ವರ್ಷ. ಹೇಗೆ ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಮನೆಯಲ್ಲಿ ಯಾರೂ ಅವಳ ಹೆಸರು ಎತ್ತುವುದಿಲ್ಲ. ಅವಳ ಬಟ್ಟೆಗಳನ್ನು ಅಮ್ಮ ಯಾವಾಗ ಯಾರಿಗೆ ಕೊಟ್ಟಳೋ ಗೊತ್ತಿಲ್ಲ. ಊರಿನವರೂ ಎತ್ತುವುದಿಲ್ಲ. ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ.

"ಆ ಪುಸ್ತಕದಾಗೆ ನಮ್ ಮನೇನೇ ಇತ್ತು ಅಕ್ಕಾ. ನಮ್ ಮನೆ ಇವರಿಗೆ ಹೆಂಗೆ ಗೊತ್ತಾಯ್ತು ಅಂತ ಹೆದರಿಕೆ ಆಯ್ತು. ಇನ್ನೊಬ್ಬರು ಯಾರೋ ಅದಕ್ಕೇ ಹಾಕಿದಾರೆ ಅಂದ್ರೆ ಅವರ ಮನೇಲೂ ಯಾರೋ ಇರ್ಬೇಕು. ಹೆಸರು ಹೇಳದೇ ಇರೋರು. ಒಂದು ಸಲ ಮಾತಾಡ್ಬೇಕು ಅನ್ನಿಸ್ತು. ಅಷ್ಟೇ."

ಅವಳು ದಿನವೂ ಕ್ಲಾಸಿನಲ್ಲಿ ಒಬ್ಬೊಬ್ಬರ ಮುಖ ನೋಡುತ್ತಿದ್ದಳಂತೆ. ಇವನಾ? ಇವಳಾ? ತಿರುಗಿ ನೋಡುತ್ತಾರಾ ಅಂತ ಕಾಯುತ್ತಿದ್ದಳಂತೆ. ಇವಳು ನೋಡಿದರೆ ಎಲ್ಲರೂ ಒಂದೇ ಥರ ಮುಖ ಆಚೆ ತಿರುಗಿಸುತ್ತಿದ್ದರು. ಅವರಲ್ಲಿ ಒಬ್ಬರು ಆ ವೋಟು ಹಾಕಿದವರು.

ಅಕ್ಕನ ಹೆಸರೇನು ಅಂತ ಕೇಳಿದೆ. ಅವಳು ಹೋಟೆಲಿನ ಆ ಮೂಲೆ ಈ ಮೂಲೆ ನೋಡಿ, ಬಗ್ಗಿ, ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ನಾನೇ ಬಂದು ನಿಮ್ಮಪ್ಪನಿಗೆ ಹೇಳುತ್ತೇನೆ ಅಂದೆ. ಬೇಡ ಅಂದಳು. ಪೇಟೆ ಮೇಡಂನ ಕಟ್ಟಿಕೊಂಡು ಬಂದಳು ಅನ್ನುತ್ತಾರೆ. ಹಾಗಾದರೆ ಪೇಪರಿನಲ್ಲಿ ಬರೆಯಲಾ ಅಂದೆ. ಯೋಚನೆ ಮಾಡಿದಳು. "ಈಗ ಬರೀರಿ. ಕ್ಲಾಸು ಮುಗೀತು, ಎಲ್ರೂ ಒಂದೊಂದು ಕಡೆ ಹೋದ್ರು. ಇನ್ನು ಹುಡುಕಿದ್ರೂ ಯಾರೂ ಸಿಗಲ್ಲ. ನಿಮ್ ಪೇಪರ್ ನಮ್ಮೂರಿಗೆ ಬರುತ್ತೆ. ಓದೋರು ಓದ್ತಾರೆ."

ಕಾಲೇಜಿಗೆ ಸೇರುತ್ತೀಯಾ ಅಂತ ಕೇಳಲು ಬಾಯಿ ಬರಲಿಲ್ಲ. ಅವಳೇ ಹೇಳಿದಳು. "ಅಪ್ಪನ್ನ ಕೇಳ್ಬೇಕು. ಅಪ್ಪ ಮಾತಾಡಿದ್ರೆ ಕೇಳ್ತೀನಿ." ಗೂಡಿನ ಮಾರ್ಕೆಟ್ಟಿನ ತನಕ ಜೊತೆಗೆ ಹೋದೆ. ಗೇಟಿನಿಂದ ಸ್ವಲ್ಪ ದೂರದಲ್ಲೇ ನನ್ನನ್ನು ನಿಲ್ಲಿಸಿ, "ಬರ್ತೀನಿ ಅಕ್ಕಾ," ಅಂದು ಒಳಗೆ ಹೋದಳು. ಅಪ್ಪ ಖಾಲಿ ಚೀಲ ಮಡಿಸುತ್ತಿದ್ದ. ಮಗಳು ಬಂದದ್ದನ್ನು ನೋಡಿ ಚೀಲ ಅವಳ ಕೈಗೆ ಕೊಟ್ಟು ಮುಂದೆ ನಡೆದ. ಅವಳು ಹಿಂದೆ ನಡೆದಳು.

ಈಗ ಹೇಳಿ, ನಾನು ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ?

ಛೇರ್ಮನ್ನರ ಮೇಲೆಯೇ? ಅವರು ಊರು ಒಡೆಯದಿರಲಿ ಅಂತ ಬಯಸುವವರು. ಪಕ್ಕದೂರಿನ ಬಾವಿಯ ಕಥೆ ಸುಳ್ಳಲ್ಲ, ನಾನೂ ವಿಚಾರಿಸಿದೆ. ಹೆಡ್‌ಮಾಸ್ಟರ ಮೇಲೆಯೇ? ಊರಿನವರು ಕೊಟ್ಟ ಜಾಗದಲ್ಲಿ, ಊರಿನವರು ಹೊದೆಸಿದ ಹೆಂಚಿನ ಕೆಳಗೆ ಸ್ಕೂಲು ನಡೆಸುವವರು. ಅಪ್ಪನ ಮೇಲೆಯೇ? ಅವನ ಹತ್ತಿರ ಇದ್ದದ್ದು ಒಂದು ಮಾತು. ಅದು ಹೋಯಿತು ಅಂತ ಅವನು ತಿಳಿದಿದ್ದಾನೆ.

ಅವಿರೋಧ ಅಂದರೆ ನಮಗೆಲ್ಲ ಎಷ್ಟು ಇಷ್ಟ ನೋಡಿ. ನನ್ನ ಮದುವೆಯೂ ಅವಿರೋಧವಾಗಿಯೇ ನಿಶ್ಚಯವಾಯಿತು. ನನ್ನನ್ನು ಕೇಳಿರಲಿಲ್ಲ, ಅಷ್ಟೇ. ಆಫೀಸಿನ ಯೂನಿಯನ್ ಮೀಟಿಂಗಿನಲ್ಲಿ ಎಲ್ಲರೂ ಕೈ ಎತ್ತುತ್ತೇವೆ. ಆಮೇಲೆ ಕ್ಯಾಂಟೀನಿನಲ್ಲಿ ಕೂತು, ನನಗೆ ಒಪ್ಪಿಗೆ ಇರಲಿಲ್ಲಪ್ಪ ಅಂತ ಪಿಸುಗುಡುತ್ತೇವೆ. ಒಂದು ಮನೆಯಲ್ಲಿ ಎಲ್ಲರೂ ಸೇರಿ ಸತ್ತ ಮಗಳ ಹೆಸರು ಎತ್ತುವುದು ಬೇಡ ಅಂತ ತೀರ್ಮಾನಿಸುತ್ತಾರೆ. ಅದಕ್ಕೆ ಕಟ್ಟೆಯೂ ಬೇಕಿಲ್ಲ, ಎಲೆ ಅಡಿಕೆಯೂ ಬೇಕಿಲ್ಲ. ಒಬ್ಬರು ಸುಮ್ಮನಾದರೆ ಸಾಕು, ಉಳಿದವರು ತಾವಾಗಿ ಸುಮ್ಮನಾಗುತ್ತಾರೆ.

ಬಳಗದಲ್ಲಿ ಇದನ್ನೆಲ್ಲ ಹೇಳಿದೆ. ಬರುವ ವರ್ಷ ಎಲ್ಲಾ ಸ್ಕೂಲಿನ ಚೀಟಿಗಳ ಡಬ್ಬ ಕೋಲಾರಕ್ಕೆ ತಂದು, ಒಟ್ಟಿಗೆ ಸುರಿದು, ಇಲ್ಲೇ ಎಣಿಸೋಣ ಅಂತ ಆಯಿತು. ಯಾವ ಸ್ಕೂಲಿನ ವೋಟು ಎಲ್ಲಿಗೆ ಹೋಯಿತು ಅಂತ ಯಾರಿಗೂ ತಿಳಿಯದ ಹಾಗೆ. ಒಳ್ಳೆಯ ತಿದ್ದುಪಡಿ. ಅಲ್ಲಿಗೆ ಇನ್ಯಾವ ಮುನಿಲಕ್ಷ್ಮಿಯೂ ಸಿಕ್ಕಿಬೀಳುವುದಿಲ್ಲ. ತನ್ನ ಹಾಗೇ ಓದಿದವರು ಇನ್ನೊಬ್ಬರು ಅದೇ ಕ್ಲಾಸಿನಲ್ಲಿ ಇದ್ದಾರೆ ಅಂತಲೂ ಅವಳಿಗೆ ಎಂದೂ ಗೊತ್ತಾಗುವುದಿಲ್ಲ.

ಪುಸ್ತಕ ಓದಿದರೆ ಮನಸ್ಸು ದೊಡ್ಡದಾಗುತ್ತದೆ ಅಂತ ವೇದಿಕೆ ಮೇಲೆ ಹೇಳುತ್ತೇವಲ್ಲ, ಆವತ್ತು ಕೋಲಾರದಲ್ಲಿ ನಾನೂ ಹೇಳಿದೆ. ಈಗ ಹೇಳಲು ನಾಲಿಗೆ ಬರುವುದಿಲ್ಲ. ಹೆಸರೆತ್ತಲಾಗದ ಮನೆಯೊಂದರ ಕಥೆ ಓದಿ, ಅದು ಮನಸ್ಸಿಗೆ ತಾಗಿ, ಇಡೀ ಊರಿಗೆ ವಿರುದ್ಧವಾಗಿ ಬೋರ್ಡಿನ ಹಿಂದೆ ಟಿಕ್ ಹಾಕಿದವರು ಒಬ್ಬರು ಇದ್ದಾರೆ. ಅಷ್ಟು ಧೈರ್ಯ ಇತ್ತು. ಬೋರ್ಡಿನ ಈಚೆಗೆ ಬಂದ ಮೇಲೆ ಅದು ಎಲ್ಲಿಗೆ ಹೋಯಿತು? 'ಅದು ನಂದು' ಅಂತ ಎಲ್ಲರ ಎದುರಿಗೆ ಹೇಳುವುದು ಕಷ್ಟ. ಒಪ್ಪುತ್ತೇನೆ. ಹದಿನೈದು ಹದಿನಾರರ ಮಕ್ಕಳನ್ನು ಅಷ್ಟು ಕೇಳುವುದು ತಪ್ಪು. ಆದರೆ ಅವಳೊಬ್ಬಳಿಗೆ, ಯಾರೂ ಇಲ್ಲದ ಹೊತ್ತಿನಲ್ಲಿ, ಪಂಪ್‌ಹೌಸ್ ಹತ್ತಿರ ಹೋಗಿ ಒಂದು ಮಾತು ಹೇಳಬಹುದಿತ್ತಲ್ಲ?

ಆ ಒಂದು ವೋಟು ಹಾಕಿದವರೇ, ನೀವು ಓದುವವರು, ಇದನ್ನೂ ಓದುತ್ತಿದ್ದೀರಿ ಅಂತ ನನಗೆ ಗೊತ್ತು: ಅವಳು ಒಬ್ಬಳೇ ಕೂತು ಬುತ್ತಿ ಬಿಚ್ಚುತ್ತಿದ್ದ ಅಷ್ಟೂ ದಿನ, ನೀವು ಯಾರ ಜೊತೆ ಕೂತು ಉಣ್ಣುತ್ತಿದ್ದಿರಿ?